ಬ್ಯಾಗ್ ಹೊತ್ತು ಗುಡ್ಡ ಏರುವಾಗ: ಟೊಂಕ, ಹೆಜ್ಜೆ, ದಮ್ಮು

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಮಂದಿಗೆ ನಡಿಗೆ ಹೊಸದಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಉಳವಿ ಜಾತ್ರೆಗೆ ಪಾದಯಾತ್ರೆ ಹೋಗುವವರು ಒಂದೇ ದಿನದಲ್ಲಿ ಹತ್ತಾರು ಕಿಲೋಮೀಟರ್ ದಾಟುತ್ತಾರೆ. ಅಂಥ ಗಟ್ಟಿ ಕಾಲಿನವರೂ ಹತ್ತು ಕಿಲೋ ಬ್ಯಾಗ್ ಹೊತ್ತು ಸಹ್ಯಾದ್ರಿಯ ಏರು ಹಿಡಿದ ಅರ್ಧ ತಾಸಿನೊಳಗೆ ಟೊಂಕ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಕಾಲಲ್ಲಿ ಬಲ ಸಾಲದು ಅಂತ ತಿಳಿದು ವಾಪಸ್ ಬಂದು ಜಿಮ್ ಸೇರುತ್ತಾರೆ. ಬಹಳ ಸಲ ತಪ್ಪು ಬೇರೆ ಎರಡು ಕಡೆ ಇರುತ್ತದೆ. ಭಾರವೆಲ್ಲ ಹೆಗಲಿಗೆ ಜೋತುಬಿದ್ದಿರುತ್ತದೆ, ಮತ್ತು ಏರಿನಲ್ಲೂ ಬಯಲು ದಾರಿಯ ವೇಗದಲ್ಲೇ ಕಾಲು ಹಾಕುತ್ತಿರುತ್ತಾರೆ. ಏರಿನಲ್ಲಿ ನಿಧಾನವಾಗಿ ಹೋಗುವುದೇ ಕಲಿಯಬೇಕಾದ ಮುಖ್ಯ ವಿದ್ಯೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಬ್ಯಾಗು, ಬೂಟು, ಕೋಲು, ತಿಂಡಿ ಎಲ್ಲ ಆ ನಿಧಾನಕ್ಕೆ ಸಹಾಯ ಮಾಡುವ ಸಾಮಾನು.

ಮೊದಲು ತಕ್ಕಡಿ

ಒಂದು ದಿನದ ಚಾರಣಕ್ಕೆ ಬ್ಯಾಗಿನ ತೂಕ ನಿಮ್ಮ ದೇಹದ ತೂಕದ ಶೇ. 10ರೊಳಗೆ, ರಾತ್ರಿ ಉಳಿಯುವುದಾದರೆ ಶೇ. 20ರೊಳಗೆ ಇರಬೇಕು. 60 ಕಿಲೋ ಇರುವವರಿಗೆ ಅಂದರೆ 6 ಮತ್ತು 12 ಕಿಲೋ. ಅಂದಾಜಿನ ಮೇಲೆ ಹೋಗಬೇಡಿ. ಮನೆಯ ತೂಕದ ಯಂತ್ರದ ಮೇಲೆ ಬ್ಯಾಗ್ ಹಾಕಿಕೊಂಡು ನಿಲ್ಲಿ, ಬ್ಯಾಗ್ ಇಳಿಸಿ ಮತ್ತೆ ನಿಲ್ಲಿ, ಕಳೆದು ನೋಡಿ. ನೀರು, ಊಟ, ಮೊಬೈಲು, ಪವರ್ ಬ್ಯಾಂಕು ಎಲ್ಲ ಒಳಗಿದ್ದಾಗಲೇ ತೂಗಬೇಕು. ನೀರು ಬಿಟ್ಟು ತೂಗಿ ಖುಷಿಪಡುವುದು ಎಲ್ಲರೂ ಮಾಡುವ ತಪ್ಪು. 2 ಲೀಟರ್ ನೀರೆಂದರೆ 2 ಕಿಲೋ.

ಒಂದು ರಾತ್ರಿಯ ಲೆಕ್ಕ ಹೀಗೆ ಬರುತ್ತದೆ: ಖಾಲಿ ಬ್ಯಾಗ್ ಒಂದೂವರೆ ಕಿಲೋ, ಸ್ಲೀಪಿಂಗ್ ಬ್ಯಾಗ್ 1.2, ಚಾಪೆ 0.4, ಟೆಂಟಿನಲ್ಲಿ ನಿಮ್ಮ ಪಾಲು 1.3, ಬಟ್ಟೆ 1.2, ಮಳೆ ಜಾಕೆಟ್ 0.3, ತಲೆಗೆ ಕಟ್ಟುವ ಟಾರ್ಚ್ 0.1, ಔಷಧಿ 0.2, ತಿನ್ನುವುದು 1.2, ನೀರು 2. ಒಟ್ಟು 9.4 ಕಿಲೋ. ಇದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಕಾರಣ ಬಟ್ಟೆ ಮತ್ತು ಅಡಿಗೆ ಸಾಮಾನು. ಒಂದು ರಾತ್ರಿಗೆ ಮೈಮೇಲಿನದು ಬಿಟ್ಟು ಮಲಗಲು ಒಣ ಜೊತೆ ಒಂದು, ಸಾಕ್ಸ್ ಒಂದು ಜೊತೆ, ಚಳಿಗೆ ಒಂದು ಸ್ವೆಟರ್ ಸಾಕು. ನಾಲ್ಕು ಮಂದಿ ಹೋಗುತ್ತಿದ್ದರೆ ನಾಲ್ಕು ಚಾಕು, ನಾಲ್ಕು ಟೂತ್‌ಪೇಸ್ಟ್, ನಾಲ್ಕು ಫಸ್ಟ್ ಏಡ್ ಡಬ್ಬಿ ಬೇಡ. ಹೋಗುವ ಮುನ್ನಾ ದಿನ ಎಲ್ಲರ ಸಾಮಾನು ಒಂದೇ ಜಮಖಾನದ ಮೇಲೆ ಸುರುವಿ ಹಂಚಿಕೊಂಡರೆ ತಲಾ ಒಂದು ಕಿಲೋ ತಾನಾಗಿ ಕಡಿಮೆಯಾಗುತ್ತದೆ.

ಬೂಟಿನ ತೂಕ ಬೇರೆ ಲೆಕ್ಕ. ಪ್ರತಿ ಹೆಜ್ಜೆಗೂ ಎತ್ತಿ ಮುಂದೆ ಬೀಸಬೇಕಾದ ಭಾರ ಅದು. ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನ ಮೇಲಿನ ನಾಲ್ಕೈದು ಕಿಲೋದಷ್ಟು ಶಕ್ತಿ ತಿನ್ನುತ್ತದೆ. ಹಾಗಾಗಿ ಕಾರ್ಖಾನೆಯಲ್ಲಿ ಹಾಕುವ ಉಕ್ಕಿನ ಮೂತಿಯ ಸೇಫ್ಟಿ ಶೂ ಗಟ್ಟಿ ಅಂತ ಅದನ್ನೇ ಹಾಕಿಕೊಂಡು ಗುಡ್ಡಕ್ಕೆ ಹೋಗಬೇಡಿ.

ಭಾರ ಟೊಂಕದ ಮೇಲೆ ಕೂರಬೇಕು

ಟೊಂಕದ ಪಟ್ಟಿ ಇಲ್ಲದ ಕಾಲೇಜ್ ಬ್ಯಾಗ್‌ನಲ್ಲಿ 5 ಕಿಲೋವರೆಗೆ ಹೇಗೋ ನಡೆಯುತ್ತದೆ. ಆಮೇಲೆ ಹೆಗಲ ಸ್ನಾಯು ಬಿಗಿಯುತ್ತದೆ, ಕತ್ತು ಮುಂದಕ್ಕೆ ಬಾಗುತ್ತದೆ, ಎದೆ ಕುಗ್ಗಿ ಉಸಿರು ಅರ್ಧವಾಗುತ್ತದೆ. ಏರಿನಲ್ಲಿ ದಮ್ಮು ಹತ್ತಲು ಇದೂ ಒಂದು ದೊಡ್ಡ ಕಾರಣ. ಹೆಗಲ ಎಲುಬುಗಳು ಸಣ್ಣವು, ಅವಕ್ಕೆ ಆಧಾರ ಹೆಚ್ಚಾಗಿ ಸ್ನಾಯುವೇ. ಟೊಂಕದ ಎಲುಬು ದಪ್ಪ, ಅದರ ಕೆಳಗೆ ನೇರವಾಗಿ ತೊಡೆಯ ಎಲುಬಿದೆ. ಸರಿಯಾಗಿ ಹೊಂದಿಸಿದ ಬ್ಯಾಗಿನ ಭಾರದಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಇಳಿಯಬೇಕು. ಹೆಗಲ ಪಟ್ಟಿಯ ಕೆಲಸ ಬ್ಯಾಗು ಹಿಂದಕ್ಕೆ ವಾಲದ ಹಾಗೆ ಹಿಡಿದಿಡುವುದು.

ಬ್ಯಾಗ್ ಕೊಳ್ಳುವಾಗ ಲೀಟರಿಗಿಂತ ಮೊದಲು ಬೆನ್ನಿನ ಉದ್ದ ನೋಡಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಎಲುಬಿದೆಯಲ್ಲ, ಅದು ಮೇಲಿನ ಗುರುತು. ಎರಡೂ ಕೈಯನ್ನು ಟೊಂಕದ ಎಲುಬಿನ ಮೇಲಂಚಿಗೆ ಇಟ್ಟು, ಹೆಬ್ಬೆರಳು ಹಿಂದಕ್ಕೆ ಚಾಚಿದರೆ ಎರಡೂ ಹೆಬ್ಬೆರಳಿನ ನಡುವಿನ ಗೆರೆ ಕೆಳಗಿನ ಗುರುತು. ಇವೆರಡರ ನಡುವಿನ ಅಂತರವನ್ನು ದರ್ಜಿ ಟೇಪಿನಿಂದ ಬೇರೆಯವರ ಕೈಲಿ ಅಳೆಸಿ. ದೊಡ್ಡವರಲ್ಲಿ ಹೆಚ್ಚಾಗಿ 40ರಿಂದ 50 ಸೆಂ.ಮೀ. ಬರುತ್ತದೆ. ಆರಡಿ ಎತ್ತರದವರ ಬೆನ್ನು ಗಿಡ್ಡ ಇರಬಹುದು, ಕುಳ್ಳಗಿನವರದು ಉದ್ದ ಇರಬಹುದು. ಎತ್ತರ ನೋಡಿ ಸೈಜ್ ಹೇಳುವ ಅಂಗಡಿಯವರ ಮಾತು ಕೇಳಬೇಡಿ. ಅಂಗಡಿಯಲ್ಲೇ ಎಂಟು-ಹತ್ತು ಕಿಲೋ ತುಂಬಿಸಿ, ಹಾಕಿಕೊಂಡು, ಅಲ್ಲಿನ ಮೆಟ್ಟಿಲು ಹತ್ತಿ ಇಳಿದು ನೋಡಿ. ಖಾಲಿ ಬ್ಯಾಗು ಎಲ್ಲರಿಗೂ ಹಿತವಾಗಿಯೇ ಇರುತ್ತದೆ. ಗಾತ್ರದ ವಿಷಯ ಸರಳ: ಒಂದು ದಿನಕ್ಕೆ 20ರಿಂದ 30 ಲೀಟರ್, ಒಂದೆರಡು ರಾತ್ರಿಗೆ 40ರಿಂದ 50. ಅದಕ್ಕಿಂತ ದೊಡ್ಡದು ತಂದರೆ ಖಾಲಿ ಜಾಗ ತುಂಬಿಸುವ ಆಸೆ ಬರುತ್ತದೆ.

ಪಟ್ಟಿ ಬಿಗಿಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಎಲ್ಲ ಪಟ್ಟಿ ಸಡಿಲ ಬಿಡಿ. ಬ್ಯಾಗನ್ನು ನೆಲದಿಂದ ನೇರ ಹೆಗಲಿಗೆ ಎಳೆಯಬೇಡಿ. ಮೇಲಿನ ಹಿಡಿಕೆ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು ಒಂದು ಕೈ ತೂರಿಸಿ, ಮೈ ತಿರುಗಿಸಿ ಇನ್ನೊಂದು ಕೈ ಹಾಕಿ. ಈಗ ಸ್ವಲ್ಪ ಮುಂದೆ ಬಾಗಿ, ಟೊಂಕದ ಪಟ್ಟಿಯ ದಪ್ಪ ಮೆತ್ತೆಯ ನಡುಭಾಗ ಸರಿಯಾಗಿ ಎಲುಬಿನ ಮೇಲಂಚಿನ ಮೇಲೆ ಬರುವಂತೆ ಕೂರಿಸಿ ಬಕಲ್ ಹಾಕಿ, ಬಿಗಿಯಿರಿ. ಪಟ್ಟಿ ಹೊಟ್ಟೆಯ ಮೇಲೆ ಕೂತಿದ್ದರೆ ಉಸಿರಾಟಕ್ಕೆ ಅಡ್ಡಿ, ಎಲುಬಿಗಿಂತ ಕೆಳಗೆ ಜಾರಿದ್ದರೆ ಪ್ರತಿ ಹೆಜ್ಜೆಗೂ ತೊಡೆಯ ಸಂದು ಉಜ್ಜುತ್ತದೆ. ಪ್ಯಾಂಟಿನ ಬೆಲ್ಟು, ಜೇಬಿನೊಳಗಿನ ಕೀಲಿ ಅದರ ಕೆಳಗೆ ಸಿಕ್ಕರೆ ಎರಡನೇ ತಾಸಿಗೆ ಚರ್ಮ ಕೆಂಪಾಗುತ್ತದೆ. ಲಾಡಿ ಪ್ಯಾಂಟು, ಇಲಾಸ್ಟಿಕ್ ಪ್ಯಾಂಟು ಒಳ್ಳೆಯದು. ಆಮೇಲೆ ಹೆಗಲ ಪಟ್ಟಿಯನ್ನು ಹೆಗಲಿಗೆ ತಾಗುವಷ್ಟು ಎಳೆಯಿರಿ. ಅದರ ಮೇಲ್ಭಾಗದಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ, ಅಂದರೆ ಲೋಡ್ ಲಿಫ್ಟರ್, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ನಿಲ್ಲಬೇಕು. ಕೊನೆಗೆ ಎದೆ ಪಟ್ಟಿ, ಕೊರಳ ಎಲುಬಿಗಿಂತ ಎರಡು ಬೆರಳು ಕೆಳಗೆ, ಬರೀ ಹಿಡಿದಿಡುವಷ್ಟು.

ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಹೆಗಲ ಪಟ್ಟಿಯ ಕೆಳಗೆ ಬೆರಳು ತೂರಿಸಿ. ಬೆರಳು ಸಲೀಸಾಗಿ ಹೋದರೆ ಭಾರ ಟೊಂಕದಲ್ಲಿದೆ. ಹಿಸುಕಿ ಹಿಡಿದರೆ ಹೆಗಲ ಪಟ್ಟಿ ಎರಡಿಂಚು ಸಡಿಲಿಸಿ, ಟೊಂಕದ್ದನ್ನು ಮತ್ತೆ ಬಿಗಿಯಿರಿ. ಅರ್ಧ ತಾಸು ನಡೆದ ಮೇಲೆ ಬೆವರಿಗೆ ಮೆತ್ತೆ ಒದ್ದೆಯಾಗಿ ಪಟ್ಟಿ ಜಾರುತ್ತದೆ, ಅದಕ್ಕೆ ಈ ಪರೀಕ್ಷೆಯನ್ನು ದಾರಿಯಲ್ಲಿ ಮತ್ತೆ ಮತ್ತೆ ಮಾಡಬೇಕು. ಏರು ಕಡಿದಾದಾಗ ಎದೆ ಪಟ್ಟಿ ಒಂದು ಬೆರಳಿನಷ್ಟು ಸಡಿಲ ಮಾಡಿದರೆ ಪಕ್ಕೆಲುಬು ಪೂರ್ತಿ ಅರಳುತ್ತದೆ. ಬಂಡೆ ಹಿಡಿದು ಹತ್ತುವ ಜಾಗದಲ್ಲಿ ಮಾತ್ರ ಲೋಡ್ ಲಿಫ್ಟರ್ ಬಿಗಿ ಮಾಡಿ, ಬ್ಯಾಗು ಅತ್ತಿತ್ತ ಓಲಾಡದ ಹಾಗೆ.

ತುಂಬುವುದು ಹೇಗೆ ಅಂದರೆ, ಚಕ್ಕಡಿಗೆ ಹೇರು ಹೇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭಾರ ಹಿಂದೆ ಬಿದ್ದರೆ ನೊಗ ಮೇಲೇಳುತ್ತದೆ. ಬ್ಯಾಗಿನಲ್ಲೂ ಭಾರದ ಸಾಮಾನು ಬೆನ್ನಿನಿಂದ ಒಂದು ಗೇಣು ದೂರ ಹೋದರೆ ಮೈ ಹಿಂದಕ್ಕೆ ಎಳೆಯುತ್ತದೆ, ನೀವು ಅದನ್ನು ಸರಿದೂಗಿಸಲು ಟೊಂಕದಿಂದ ಮುಂದೆ ಬಾಗುತ್ತೀರಿ, ಸಂಜೆಗೆ ಕೆಳಬೆನ್ನು ಹಿಡಿದುಕೊಳ್ಳುತ್ತದೆ. ಹೊರಗಿನ ಜೇಬಿಗೆ ಎರಡು ಲೀಟರಿನ ಬಾಟಲಿ ಸಿಕ್ಕಿಸಿದವರಿಗೆ ಆಗುವುದು ಇದೇ. ಸ್ಲೀಪಿಂಗ್ ಬ್ಯಾಗು ತಳಕ್ಕೆ. ನೀರು, ಅಕ್ಕಿ-ಬೇಳೆ, ಸ್ಟವ್ ನಡುವಿನಲ್ಲಿ, ಬೆನ್ನಿಗೆ ಅಂಟಿ, ಹೆಗಲ ಚಿಪ್ಪಿನ ಮಟ್ಟದಲ್ಲಿ. ಹೊರಮೈಗೂ ಮೇಲಕ್ಕೂ ಬಟ್ಟೆಯಂಥ ಹಗುರ ಸಾಮಾನು. ಎಡಕ್ಕೆ ಒಂದು ಲೀಟರ್ ಇಟ್ಟರೆ ಬಲಕ್ಕೂ ಒಂದು ಲೀಟರ್ ಇಡಿ, ಕುಡಿಯುವಾಗ ಎರಡರಲ್ಲೂ ಸಮನಾಗಿ ಕುಡಿಯಿರಿ. ಹೊರಗೆ ನೇತಾಡುವ ಚೊಂಬು, ಚಪ್ಪಲಿ, ಒದ್ದೆ ಟವೆಲ್ ಏನೂ ಬೇಡ. ಮಳೆಗೆ ಬ್ಯಾಗಿನ ಮೇಲಿನ ಕವರ್ ಒಂದೇ ನಂಬಬೇಡಿ: ನೀರು ಬೆನ್ನಿನ ಬದಿಯಿಂದ ಇಳಿಯುತ್ತದೆ. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಹಾಕಿ, ಅದರೊಳಗೆ ಎಲ್ಲ ತುಂಬಿ, ಬಾಯಿ ತಿರುವಿ ಮಡಚಿಡಿ.

ಹೆಜ್ಜೆ

ಮೊದಲ ಹತ್ತು ನಿಮಿಷ ಇನ್ನೂ ನಿದ್ದೆಗಣ್ಣಿನಲ್ಲಿ ನಡೆಯುತ್ತಿದ್ದೀರೇನೋ ಅನ್ನಿಸುವಷ್ಟು ಮೆಲ್ಲಗೆ ನಡೆಯಿರಿ. ಎದೆಬಡಿತ, ಉಸಿರು, ಕಾಲಿನ ರಕ್ತಸಂಚಾರ ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಜೀಪಿನಿಂದ ಇಳಿದ ಹುರುಪಿನಲ್ಲಿ ಮೊದಲ ಏರನ್ನೇ ಓಡಿ ಹತ್ತಿದವರ ಕಾಲು ಅಲ್ಲೇ ಭಾರವಾಗುತ್ತದೆ, ಆಮೇಲೆ ದಿನವಿಡೀ ಆ ಸಾಲ ತೀರುವುದಿಲ್ಲ. ವೇಗಕ್ಕೆ ಒಂದೇ ಅಳತೆ: ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮೂರು ಪದಕ್ಕೆ ಉಸಿರು ಕಡಿದರೆ ನೀವು ಜೋರಾಗಿದ್ದೀರಿ. ಆಗ ನಿಲ್ಲಬೇಡಿ, ಹೆಜ್ಜೆ ಗಿಡ್ಡ ಮಾಡಿ. ದಮ್ಮು ಹತ್ತಿದಾಗ ನಿಲ್ಲುವುದು, ಆರಿದ ಮೇಲೆ ಮತ್ತೆ ಜೋರಾಗಿ ಹೋಗುವುದು, ಮತ್ತೆ ನಿಲ್ಲುವುದು, ಇದರಷ್ಟು ದಣಿಸುವ ನಡಿಗೆ ಇನ್ನೊಂದಿಲ್ಲ.

ಗಿಡ್ಡ ಹೆಜ್ಜೆ ಅಂದರೆ ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಬೆರಳಿನಿಂದ ಅರ್ಧ ಅಡಿ ಮುಂದೆ ಬೀಳುವಷ್ಟು. ಕಡಿದಾದಲ್ಲಿ ಇನ್ನೂ ಕಡಿಮೆ. ಪಾದ ಪೂರ್ತಿ ಊರಿ. ಬೆರಳ ಮೇಲೆ ನಡೆದರೆ ಭಾರವೆಲ್ಲ ಮೀನಖಂಡಕ್ಕೆ ಬೀಳುತ್ತದೆ, ಅದು ಸಣ್ಣ ಸ್ನಾಯು, ಬೇಗ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಊರಿ ಎದ್ದರೆ ತೊಡೆ ಮತ್ತು ಟೊಂಕದ ಹಿಂದಿನ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ. ಇಳಿಜಾರು ಕಡಿದಾಗಿ ಹಿಮ್ಮಡಿ ಊರಲು ಆಗದಿದ್ದರೆ ಪಾದದ ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಅಥವಾ ನೇರ ಏರದೆ ಅಡ್ಡ ಹಾಯುತ್ತಾ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ ಏರಿ. ಆದರೆ ಅದನ್ನು ಇರುವ ಕಾಲುದಾರಿಯ ಅಗಲದೊಳಗೇ ಮಾಡಿ. ಹೊಸ ದಾರಿ ಕೊರೆದರೆ ಮುಂದಿನ ಮಳೆಗೆ ಅದು ಕೊಳ್ಳವಾಗುತ್ತದೆ.

ಎತ್ತರದ ಕಲ್ಲು ಕಂಡಾಗ ಒಂದೇ ಹಾರಿಗೆ ಹತ್ತುವ ಮನಸ್ಸಾಗುತ್ತದೆ. 60 ಕಿಲೋ ಮೈ, 10 ಕಿಲೋ ಬ್ಯಾಗ್: ಒಂದು ಅಡಿ ಎತ್ತರದ ಹೆಜ್ಜೆಯಲ್ಲಿ ಒಂದೇ ತೊಡೆ 70 ಕಿಲೋವನ್ನು ಒಂದಡಿ ಎತ್ತಬೇಕು, ಅದೂ ಮಂಡಿ ಬಹಳಷ್ಟು ಮಡಚಿದ ಸ್ಥಿತಿಯಲ್ಲಿ. ಪಕ್ಕದಲ್ಲೇ ಅರ್ಧ ಅಡಿಯ ಎರಡು ಹೆಜ್ಜೆ ಸಿಕ್ಕರೆ ಒಟ್ಟು ಕೆಲಸ ಅಷ್ಟೇ, ಆದರೆ ತೊಡೆಗೆ ಬೀಳುವ ಪೆಟ್ಟು ಬಹಳ ಕಡಿಮೆ. ಅದಕ್ಕೆ ಕಣ್ಣು ಕಾಲ ಕೆಳಗೆ ಇಡದೆ ನಾಲ್ಕೈದು ಹೆಜ್ಜೆ ಮುಂದೆ ಇಡಿ, ನಡುವಿನ ಸಣ್ಣ ಕಲ್ಲು ಹುಡುಕುತ್ತಾ. ಬೇರೆ ದಾರಿ ಇಲ್ಲದೆ ಎತ್ತರದ ಹೆಜ್ಜೆ ಇಡಲೇಬೇಕಾದರೆ ಮಂಡಿ ಒಳಕ್ಕೆ ವಾಲದಂತೆ, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರುವಂತೆ ನೋಡಿಕೊಳ್ಳಿ. ಏರುವಾಗ ಮಂಡಿ ನೋಯಲು ಇದೂ ಒಂದು ಕಾರಣ.

ಇನ್ನು ನಿಂತು ಹೆಜ್ಜೆ, ಪರ್ವತಾರೋಹಿಗಳು ರೆಸ್ಟ್ ಸ್ಟೆಪ್ ಅನ್ನುವುದು. ಭಾರವಾದ ಬ್ಯಾಗಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಲಗಾಲು ಮುಂದಿನ ಕಲ್ಲಿನ ಮೇಲೆ ಇಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಹಿಂದಿನ ಎಡಗಾಲು ಮಂಡಿ ನೇರ, ಪೂರ್ತಿ ಭಾರ ಅದರ ಮೇಲೆ. ಹೀಗೆ ನಿಂತಾಗ ಭಾರವನ್ನು ಹೊರುವುದು ಎಲುಬು, ಎರಡೂ ತೊಡೆಯ ಸ್ನಾಯು ಒಂದು ಕ್ಷಣ ಬಿಡುವಾಗಿರುತ್ತವೆ. ಆ ಕ್ಷಣದಲ್ಲಿ ಉಸಿರು ಪೂರ್ತಿ ಬಿಡಿ. ಆಮೇಲೆ ಭಾರ ಮುಂದಕ್ಕೆ ಸರಿಸಿ, ಬಲಗಾಲಿನ ಮೇಲೆ ಏಳಿ, ಮಂಡಿ ನೇರ ಮಾಡಿ, ಎಡಗಾಲು ಮುಂದೆ. ಏರು ಎಷ್ಟು ಕಡಿದೋ ವಿರಾಮ ಅಷ್ಟು ಉದ್ದ: ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನವರೆಗೆ. ಹೊಸಬರಿಗೆ ಇದು ಕೈಗೂಡದೆ ಇರುವುದು ಒಂದೇ ಕಾರಣಕ್ಕೆ, ಮುಂದಿನ ಕಾಲಿನ ಮೇಲೆ ಅರ್ಧ ಭಾರ ಹಾಕಿಬಿಡುತ್ತಾರೆ. ಆಗ ಮುಂದಿನ ತೊಡೆ ಬಿಗಿದೇ ಇರುತ್ತದೆ, ವಿರಾಮ ಸಿಗುವುದಿಲ್ಲ. ಪರೀಕ್ಷೆ: ನಿಂತ ಕ್ಷಣದಲ್ಲಿ ಮುಂದಿನ ಪಾದವನ್ನು ಎತ್ತಲು ಬರಬೇಕು. ಮಂಡಿಯನ್ನು ಹಿಂದಕ್ಕೆ ಜಗ್ಗಿ ಬಿಗಿಯುವುದೂ ಬೇಡ, ನೇರ ಇದ್ದರೆ ಸಾಕು.

ಗದಗ ಜಿಲ್ಲೆಯ ಕಪ್ಪತಗುಡ್ಡದಂಥ ಕಡೆ ಇನ್ನೊಂದು ತೊಡಕು. ಅಲ್ಲಿನ ಇಳಿಜಾರಿನಲ್ಲಿ ಕೆಂಪು ಗರಸು, ಅದರ ಮೇಲೆ ಒಣಹುಲ್ಲು. ಹುಲ್ಲು ಒಂದೇ ದಿಕ್ಕಿಗೆ ಮಲಗಿದ್ದರೆ ಬೂಟು ಅದರ ಮೇಲೆ ಜಾರುತ್ತದೆ, ಗರಸಿನಲ್ಲಿ ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಬರುತ್ತದೆ. ಇಲ್ಲಿ ನೆಲವನ್ನು ಒದ್ದು ಏಳಬಾರದು. ಪಾದ ಊರಿ, ಒತ್ತಿ, ಗರಸು ಕೂತಿದ್ದು ಗೊತ್ತಾದ ಮೇಲೆ ಭಾರ ಹಾಕಬೇಕು. ಹುಲ್ಲಿನ ಬುಡದ ಮೇಲೆ ಅಥವಾ ನೆಲದಲ್ಲಿ ಹೂತ ಕಲ್ಲಿನ ಮೇಲ್ಬದಿಯಲ್ಲಿ ಕಾಲಿಟ್ಟರೆ ಹಿಡಿತ ಸಿಗುತ್ತದೆ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಬೇಡಿ, ಮೇಲಿನವರ ಕಾಲಿಂದ ಉರುಳಿದ ಕಲ್ಲು ಕೆಳಗಿನವರ ಮಂಡಿಗೆ ಬರುತ್ತದೆ.

ಮೈ ಮುಂದೆ ಬಾಗಬೇಕು, ಆದರೆ ಪಾದದ ಗಂಟಿನಿಂದ. ಟೊಂಕದಿಂದ ಬಾಗಿದರೆ ಎದೆ ಮುಚ್ಚುತ್ತದೆ. ಉಸಿರನ್ನು ಹೆಜ್ಜೆಗೆ ಕೂಡಿಸಿ: ಸಾಧಾರಣ ಏರಿನಲ್ಲಿ ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ, ಕಡಿದಾದಲ್ಲಿ ಒಂದಕ್ಕೊಂದು. ತಾಸಿಗೊಮ್ಮೆ ಐದು ನಿಮಿಷ ಬ್ಯಾಗ್ ಇಳಿಸಿ ಕೂತರೆ ಸಾಕು. ಹತ್ತು ನಿಮಿಷ ಮೀರಿದರೆ ಬೆವರು ಆರಿ ಮೈ ತಣ್ಣಗಾಗುತ್ತದೆ, ಸ್ನಾಯು ಬಿಗಿಯುತ್ತದೆ, ಮತ್ತೆ ಮೊದಲಿನ ಹತ್ತು ನಿಮಿಷದ ಕೆಲಸ. ಬ್ಯಾಗನ್ನು ನೆಲಕ್ಕಿಡದೆ ಸೊಂಟದೆತ್ತರದ ಬಂಡೆಯ ಮೇಲಿಟ್ಟರೆ ಮತ್ತೆ ಹೊರುವುದು ಸುಲಭ.

ಕೋಲು

ಎರಡು ಕೋಲಿದ್ದರೆ ತೋಳೂ ಏರುವ ಕೆಲಸದಲ್ಲಿ ಪಾಲು ಕೊಡುತ್ತದೆ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಮಡಚುವ ಉದ್ದ ಸರಿ. ಏರಿನಲ್ಲಿ ಅದಕ್ಕಿಂತ 5ರಿಂದ 10 ಸೆಂ.ಮೀ. ಗಿಡ್ಡ, ಇಳಿಯುವಾಗ ಅಷ್ಟೇ ಸೆಂ.ಮೀ. ಹೆಚ್ಚು ಉದ್ದ. ಮಣಿಕಟ್ಟಿನ ಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಸೇರಿಸಿ ಹಿಡಿಯಿರಿ. ಆಗ ಭಾರ ಮಣಿಕಟ್ಟಿನ ಮೂಲಕ ಪಟ್ಟಿಗೆ ಹೋಗುತ್ತದೆ, ಬೆರಳು ಬಿಗಿಹಿಡಿಯಬೇಕಿಲ್ಲ. ಕೋಲನ್ನು ಮಾರು ದೂರ ಮುಂದೆ ಚುಚ್ಚಿ ಮೈ ಎಳೆದುಕೊಳ್ಳುವುದು ತಪ್ಪು, ಹೆಗಲು ಸೋಲುತ್ತದೆ. ಪಾದದ ಪಕ್ಕದಲ್ಲೇ ಊರಿ ಕೆಳಕ್ಕೆ ಮತ್ತು ಹಿಂದಕ್ಕೆ ಒತ್ತಬೇಕು. ತಿರುಗಿಸಿ ಬಿಗಿ ಮಾಡುವ ಕೋಲಿನಲ್ಲಿ ಒಳಗೆ ದೂಳು-ತೇವ ಸೇರಿದರೆ ಭಾರ ಹಾಕಿದಾಗ ಸರ್ರನೆ ಒಳಸರಿಯುತ್ತದೆ. ಚಿಲಕದಂಥ ಲಿವರ್ ಇರುವುದು ಹೆಚ್ಚು ನಂಬಿಕೆಯದು. ಎದೆಮಟ್ಟದ ಒಣ ಬಿದಿರಿನ ಬಡಿಗೆ ಒಂದಿದ್ದರೂ ಬರಿಗೈಗಿಂತ ಎಷ್ಟೋ ವಾಸಿ.

ಬೂಟು, ಸಾಕ್ಸು, ಗುಳ್ಳೆ

ಸಂಜೆ ಹೊತ್ತು ಬೂಟು ಕೊಳ್ಳಿ, ದಿನವಿಡೀ ನಡೆದು ಪಾದ ಊದಿರುತ್ತದೆ. ಚಾರಣದ ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ, ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಲಿ. ಏರುವಾಗ ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಆಡುತ್ತದೆ, ಗುಳ್ಳೆ ಏಳುವುದು ಅಲ್ಲೇ. ಇದಕ್ಕೆ ಲೇಸಿನಲ್ಲೇ ಮದ್ದಿದೆ. ಕೊನೆಯ ತೂತಿಗೆ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯಲ್ಲಿ ಮೇಲಕ್ಕೆ ತೂರಿಸಿ. ಅಲ್ಲೊಂದು ಸಣ್ಣ ಕುಣಿಕೆ ಆಗುತ್ತದೆ. ಎರಡೂ ಬದಿ ಹೀಗೆ ಮಾಡಿ, ಎಡಗಡೆಯ ಲೇಸು ಬಲಗಡೆಯ ಕುಣಿಕೆಯೊಳಗೆ, ಬಲಗಡೆಯದು ಎಡಗಡೆಯದರೊಳಗೆ ತೂರಿಸಿ, ಕೆಳಕ್ಕೆ ಜಗ್ಗಿ ಕಟ್ಟಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ. ಎತ್ತರದ ಬೂಟಾದರೆ ಪಾದದ ಮೇಲ್ಭಾಗ ಬಿಗಿ, ಗಂಟಿನ ಮೇಲೆ ಸ್ವಲ್ಪ ಸಡಿಲ ಇರಲಿ, ಏರಿನಲ್ಲಿ ಗಂಟು ಮಡಚಬೇಕಲ್ಲ. ಇಳಿಯುವ ಮುಂಚೆ ಬಿಗಿ ಮಾಡಿ, ಇಲ್ಲದಿದ್ದರೆ ಬೆರಳಿನ ಉಗುರು ಬೂಟಿನ ಮೂತಿಗೆ ಬಡಿದು ಕಪ್ಪಾಗುತ್ತದೆ.

ಹತ್ತಿ ಸಾಕ್ಸ್ ಬೆವರು ಹಿಡಿದಿಟ್ಟುಕೊಂಡು ಚರ್ಮ ಮೆತ್ತಗೆ ಮಾಡುತ್ತದೆ, ಮೆತ್ತಗಾದ ಚರ್ಮವೇ ಸುಲಿಯುವುದು. ಉಣ್ಣೆ ಅಥವಾ ಸಿಂಥೆಟಿಕ್ ಬೇಕು. ಗುಳ್ಳೆಗಿಂತ ಮೊದಲು ಆ ಜಾಗ ಬಿಸಿ ಬಿಸಿ ಉರಿಯುತ್ತದೆ. ಆ ನಿಮಿಷದಲ್ಲೇ ನಿಂತು, ಬೂಟು ಬಿಚ್ಚಿ, ಒರೆಸಿ, ಔಷಧಿ ಅಂಗಡಿಯ ಬಟ್ಟೆ ಪ್ಲಾಸ್ಟರನ್ನು ಮೂಲೆ ದುಂಡಗೆ ಕತ್ತರಿಸಿ ಸುಕ್ಕಿಲ್ಲದೆ ಅಂಟಿಸಿ. ಮುಂದಿನ ಚಪ್ಪಟೆ ಜಾಗದಲ್ಲಿ ನೋಡೋಣ ಅಂದರೆ ಅಷ್ಟೊತ್ತಿಗೆ ನೀರು ತುಂಬಿರುತ್ತದೆ. ಹೊಸ ಬೂಟಿನಲ್ಲಿ ನೇರವಾಗಿ ಗುಡ್ಡಕ್ಕೆ ಹೋಗಬೇಡಿ, ಎರಡು ವಾರ ಊರಲ್ಲೇ ಹಾಕಿ ಪಳಗಿಸಿ.

ನೀರು ಮತ್ತು ಬುತ್ತಿ

ತಾಸಿಗೆ ಸುಮಾರು ಅರ್ಧ ಲೀಟರ್ ನೀರು, ಬಿಸಿಲಿದ್ದರೆ ಇನ್ನೂ ಹೆಚ್ಚು. ಒಮ್ಮೆಗೇ ಗಟಗಟ ಕುಡಿಯದೆ ಹತ್ತು-ಹದಿನೈದು ನಿಮಿಷಕ್ಕೆ ಎರಡು ಗುಟುಕು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಜ್ಜಿಗೆ ಒಳ್ಳೆಯದೇ, ಆದರೆ ಬಿಸಿಲಲ್ಲಿ ಬೇಗ ಹುಳಿಯಾಗುತ್ತದೆ, ಮೊದಲ ತಾಸಿನಲ್ಲೇ ಮುಗಿಸಿ.

ಬುತ್ತಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಪೇಟೆಯ ಎನರ್ಜಿ ಬಾರ್ ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಡಕ್ ಜೋಳದ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ, ಹಾಗಾಗಿ ಹಗುರ, ದಿನಗಟ್ಟಲೆ ಕೆಡುವುದಿಲ್ಲ. ಪುಡಿಯಾಗದಿರಲು ಅಗಲದ ಸ್ಟೀಲ್ ಡಬ್ಬಿ ಬೇಕು ಅನ್ನುತ್ತಾರೆ, ಆದರೆ ಡಬ್ಬಿಯೇ ಅರ್ಧ ಕಿಲೋ ತೂಗುತ್ತದೆ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಒಂದರ ಮೇಲೊಂದು ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಬೆನ್ನಿನ ಬದಿಗೆ ನಿಲ್ಲಿಸಿಟ್ಟರೆ ಬಹುಪಾಲು ಉಳಿಯುತ್ತದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಒಣಪುಡಿಯಾಗಿ ಪೊಟ್ಟಣದಲ್ಲಿ. ಎಣ್ಣೆ ಸಣ್ಣ ಬಾಟಲಿಯಲ್ಲಿ, ಬಿರಡೆಗೆ ಟೇಪು ಸುತ್ತಿ. ಏರುವಾಗ ಬಾಯಾಡಿಸಲು ಶೇಂಗಾ ಚಿಕ್ಕಿ, ಬೆಲ್ಲದ ತುಂಡು, ಒಣದ್ರಾಕ್ಷಿ ಟೊಂಕದ ಪಟ್ಟಿಯ ಜೇಬಿನಲ್ಲಿರಲಿ. ತಾಸಿಗೊಮ್ಮೆ ಒಂದು ಹಿಡಿ. ಹಸಿವೆ ಆದ ಮೇಲೆ ತಿಂದರೆ ಅದು ಕಾಲಿಗೆ ತಲುಪಲು ಅರ್ಧ ತಾಸು ಬೇಕು. ಧಾರವಾಡ ಪೇಡೆ ಸಿಹಿಯಾಗಿ ತಕ್ಷಣ ಬಲ ಕೊಡುತ್ತದೆ, ಆದರೆ ಹಾಲಿನದು, ಬಿಸಿಲಲ್ಲಿ ಎರಡನೇ ದಿನಕ್ಕೆ ಇಡಬೇಡಿ. ಮಂಡಕ್ಕಿ ಹಗುರ, ಆದರೆ ಜಾಗ ತಿನ್ನುತ್ತದೆ. ಗುಡ್ಡದ ಬುಡದಲ್ಲಿ ಹೊಟ್ಟೆ ಬಿರಿಯ ಗಿರ್ಮಿಟ್-ಮಿರ್ಚಿ ತಿಂದು ಏರುವುದು ಮಾತ್ರ ಬೇಡ.

ಹೊತ್ತು ಎಷ್ಟು ಬೇಕು

1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಹಾಕಿಕೊಟ್ಟ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ತಾಸು, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರಿನ ಕುಮಾರ ಪರ್ವತಕ್ಕೆ ಒಂದು ಬದಿಗೆ ಸುಮಾರು 13 ಕಿ.ಮೀ., ಏರು 1,500 ಮೀಟರಿಗೂ ಹೆಚ್ಚು. ದೂರಕ್ಕೆ ಎರಡೂವರೆ ತಾಸು ಚಿಲ್ಲರೆ, ಏರಿಗೆ ಎರಡೂವರೆ, ಒಟ್ಟು ಐದು ತಾಸು. ಇದು ಹಗುರ ಬ್ಯಾಗಿನ, ಪಳಗಿದ ಕಾಲಿನ, ವಿರಾಮ ಸೇರಿಸದ ಲೆಕ್ಕ. 10 ಕಿಲೋ ಹೊತ್ತು, ತಾಸಿಗೊಮ್ಮೆ ಕೂತು ಹೋಗುವವರು ಏಳೆಂಟು ತಾಸು ಹಿಡಿಯಿರಿ. ಈ ಲೆಕ್ಕ ಹಾಕದೆ ಹತ್ತು ಗಂಟೆಗೆ ಹೊರಟವರೇ ಕತ್ತಲಲ್ಲಿ ಇಳಿಯುವುದು. ಕುಮಾರ ಪರ್ವತಕ್ಕಾಗಲಿ ಕುದುರೆಮುಖಕ್ಕಾಗಲಿ ಹೋಗುವ ಮುಂಚೆ ಅರಣ್ಯ ಇಲಾಖೆಯ ಅನುಮತಿ, ದಾರಿ ತೆರೆದಿದೆಯೋ ಇಲ್ಲವೋ, ರಾತ್ರಿ ಉಳಿಯಲು ಬಿಡುತ್ತಾರೋ ಇಲ್ಲವೋ ವಿಚಾರಿಸಿ.

ನಮ್ಮ ಕಡೆ ಬಿಸಿಲೇ ದೊಡ್ಡ ವಿಷಯ. ಮಾರ್ಚ್‌ನಿಂದ ಮೇವರೆಗೆ ಗದಗ ಕಡೆಯ ಗುಡ್ಡಗಳಲ್ಲಿ ಬ್ಯಾಗ್ ಹೊತ್ತು ಏರುವ ಸಾಹಸ ಬೇಡ. ನೆರಳಿಲ್ಲ, ಹುಲ್ಲಿಗೆ ಬೆಂಕಿ ಬೀಳುವ ಕಾಲವೂ ಅದೇ. ಮಳೆ ಹಿಡಿದ ಮೇಲೆ ಚಳಿಗಾಲದ ತನಕ ಚೆನ್ನ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಕಪ್ಪತಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿಯ ಹತ್ತಿರ ನಿಂತರೆ ಅದು ತಿಳಿಯುತ್ತದೆ. ಅಲ್ಲಿ ಗಾಳಿ ಜೋರು, ಬೆವರಿ ಒದ್ದೆಯಾದ ಅಂಗಿಯಲ್ಲಿ ನಿಂತರೆ ನಡುಕ ಬರುತ್ತದೆ. ತೆಳ್ಳನೆಯ ಗಾಳಿ ಜಾಕೆಟ್ ಬ್ಯಾಗಿನ ಮೇಲ್ಗಡೆ ಕೈಗೆ ಸಿಗುವಂತಿರಲಿ. ಏರಲು ಶುರು ಮಾಡುವಾಗ ಮಾತ್ರ ಅದನ್ನು ತೆಗೆದಿಡಿ, ಸ್ವಲ್ಪ ಚಳಿ ಅನ್ನಿಸುವಾಗಲೇ ಹೊರಡಬೇಕು. 2019ರಿಂದ ಕಪ್ಪತಗುಡ್ಡ ವನ್ಯಜೀವಿಧಾಮ. ಚಿರತೆ, ಕತ್ತೆಕಿರುಬ, ತೋಳ ಇರುವ ಕಾಡು. ಅನುಮತಿ ಇರುವ ದಾರಿಯಲ್ಲಿ, ಬೆಳಕಿನಲ್ಲಿ ಮಾತ್ರ ನಡೆಯಿರಿ, ಔಷಧಿ ಗಿಡ ಕೀಳಬೇಡಿ, ಬೆಂಕಿ ಹಚ್ಚಬೇಡಿ.

ಊರಲ್ಲೇ ತಯಾರಿ

ಬಯಲು ಸೀಮೆಯಲ್ಲಿ ಏರಿನ ಅಭ್ಯಾಸ ಎಲ್ಲಿ ಅಂದರೆ, ಮೆಟ್ಟಿಲಲ್ಲಿ. ಒಂದು ಅಂತಸ್ತು ಸುಮಾರು 3 ಮೀಟರ್. ಹತ್ತು ಸಲ ನೆಲದಿಂದ ಮೂರನೇ ಅಂತಸ್ತಿಗೆ ಹತ್ತಿದರೆ 90 ಮೀಟರ್ ಏರು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಧಾರವಾಡದ ರಸ್ತೆಗಳಲ್ಲೇ ಏರಿಳಿತ ಬೇಕಾದಷ್ಟಿದೆ, ರಾಣೆಬೆನ್ನೂರು ಕಡೆಯವರಿಗೆ ದೇವರಗುಡ್ಡ. ಆರರಿಂದ ಎಂಟು ವಾರ ಮುಂಚೆ ಶುರು ಮಾಡಿ. ಮೊದಲ ವಾರ ಖಾಲಿ ಬೆನ್ನಿನಲ್ಲಿ, ಆಮೇಲೆ 4 ಕಿಲೋ, ವಾರಕ್ಕೆ ಒಂದು ಕಿಲೋದಂತೆ ಏರಿಸುತ್ತಾ ನೀವು ಹೊರುವ ತೂಕಕ್ಕೆ ಬನ್ನಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವಿರಲಿ. ಭಾರಕ್ಕೆ ನೀರಿನ ಬಾಟಲಿಗಳನ್ನೇ ತುಂಬಿಕೊಳ್ಳಿ. ಮೇಲೆ ಮುಟ್ಟಿದ ಮೇಲೆ ಆ ನೀರನ್ನು ಗಿಡಗಳಿಗೆ ಸುರಿದು ಖಾಲಿ ಇಳಿಯಬಹುದು. ಮಂಡಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಕೊನೆಯ ಎರಡು ವಾರ ಮಾತ್ರ ಭಾರದ ಜೊತೆಗೇ ಇಳಿದು ತೊಡೆಯನ್ನು ಪಳಗಿಸಿ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿಟ್ಟು ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿ ಮೇಲಕ್ಕೆತ್ತುವುದು, ದಿನಕ್ಕೆ ಹದಿನೈದರಂತೆ ಮೂರು ಸಲ. ಮೀನಖಂಡ ಹಿಡಿಯುವುದು ಬಹಳ ಕಡಿಮೆಯಾಗುತ್ತದೆ.

ಇಷ್ಟಾದರೂ ದಾರಿಯಲ್ಲಿ ಕಾಲು ಹಿಡಿದರೆ, ಬ್ಯಾಗ್ ಇಳಿಸಿ, ಕಾಲು ನೇರ ಚಾಚಿ, ಪಾದದ ಬೆರಳುಗಳನ್ನು ಮೈ ಕಡೆಗೆ ಅರ್ಧ ನಿಮಿಷ ಎಳೆದು ಹಿಡಿಯಿರಿ, ಉಪ್ಪು-ಸಕ್ಕರೆ ನೀರು ಕುಡಿಯಿರಿ, ಆಮೇಲೆ ಅರ್ಧ ವೇಗದಲ್ಲಿ ಹೊರಡಿ. ಎದೆಯಲ್ಲಿ ಬಿಗಿತ, ಎಡತೋಳಿಗೆ ನೋವು, ಕಣ್ಣು ಕತ್ತಲೆ, ಅಥವಾ ಬಿಸಿಲಲ್ಲಿ ಮಾತು ತೊದಲಿದರೆ ಅಲ್ಲಿಗೆ ಏರುವುದು ಮುಗಿಯಿತು. ನೆರಳಿಗೆ ಒಯ್ದು, ಬ್ಯಾಗ್ ಬಿಚ್ಚಿ, ಬಿಸಿಲು ಬಡಿದಿದ್ದರೆ ಬಟ್ಟೆ ಒದ್ದೆ ಮಾಡಿ ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಸಹ್ಯಾದ್ರಿಯ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಕೊನೆಗೆ ಎಲ್ಲಿ ಸಿಕ್ಕಿತ್ತು ಅನ್ನುವುದನ್ನು ಏರುವಾಗಲೇ ಗುರುತು ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಬ್ಯಾಗನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಒಳಗಿನ ನೀರು ತಡೆಯುವ ಲೇಪ ಸುಲಿಯುತ್ತದೆ. ಮೆತ್ತೆಗಳಲ್ಲಿ ಕೂತ ಬೆವರಿನ ಉಪ್ಪನ್ನು ಉಗುರುಬೆಚ್ಚಗಿನ ನೀರಿಂದ ಒರೆಸಿ, ಬಕಲ್‌ಗಳ ಸಂದಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಎಲ್ಲ ಜಿಪ್ ತೆರೆದು ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ.